ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್ ಕೈಕೊಟ್ಟಾಗ: ಸ್ಕ್ರೂ ಬಿಚ್ಚುವ ಮೊದಲು ಗಾಳಿ ಎಲ್ಲಿ ಸೋರುತ್ತಿದೆ ನೋಡಿ

ಬಾಸ್ ಕಮ್ಮಿಯಾಗಿದೆ. ಒಂದು ಕಿವಿಗೆ ಸಣ್ಣಗೆ ಕೇಳುತ್ತಿದೆ. ತಗ್ಗಿನ ಸ್ವರ ಬಂದಾಗ ಗರಗರ ಅನ್ನುತ್ತಿದೆ. ಕ್ಲೋಸ್ಡ್ ಬ್ಯಾಕ್, ಅಂದರೆ ಕಪ್‌ನ ಹಿಂಭಾಗ ಮುಚ್ಚಿರುವ ದುಬಾರಿ ಹೆಡ್‌ಫೋನ್‌ನಲ್ಲಿ ಇಂಥದ್ದೇನಾದರೂ ಆದರೆ ಎಲ್ಲರ ಬೆರಳು ನೇರ ಡ್ರೈವರ್ (ಸದ್ದು ಹೊರಡಿಸುವ ಭಾಗ) ಕಡೆಗೆ ಹೋಗುತ್ತದೆ. ಪಾಪ, ಅದು ಬಹಳ ಸಲ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಪ್ಯಾಡ್, ಕೇಬಲ್, ಆಂಪ್‌ನ (ಹೆಡ್‌ಫೋನ್ ಆಂಪ್ಲಿಫೈಯರ್) ವಾಲ್ಯೂಮ್ ನಾಬ್, ಇಲ್ಲವೇ ಒಳಗೆ ಯಾರೋ ಮಾಡಿಟ್ಟ ಮಾಡ್, ಅಂದರೆ ಮಾರ್ಪಾಡು. ಹಾಗಾಗಿ ಈ ಕೈಪಿಡಿ ಹೊರಗಿನಿಂದ ಒಳಕ್ಕೆ ಹೋಗುತ್ತದೆ. ಸ್ಕ್ರೂಡ್ರೈವರ್‌ಗೆ ಕೆಲಸ ಸಿಗುವುದು ಕೊನೆಯಲ್ಲಿ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಟೋನ್ ಜನರೇಟರ್ ಆ್ಯಪ್ ಇರುವ ಫೋನ್, ಮಲ್ಟಿಮೀಟರ್, ಟಾರ್ಚ್, ಮತ್ತೆ ಸರಿಯಾಗಿದೆ ಅಂತ ಖಾತ್ರಿ ಇರುವ ಇನ್ನೊಂದು ಹೆಡ್‌ಫೋನ್. ಈ ಕೊನೆಯದು ಸಾಧಾರಣದ್ದಾದರೂ ಸಾಕು. ಅದಿಲ್ಲದೆ ದೋಷ ಹುಡುಕಲು ಹೊರಟರೆ ಬರೀ ಊಹೆಯಾಗುತ್ತದೆ.

ಬಾಸ್ ಹೋಗಿದೆ, ಉಳಿದದ್ದೆಲ್ಲ ಸರಿ ಇದೆ

ಕ್ಲೋಸ್ಡ್ ಬ್ಯಾಕ್‌ನಲ್ಲಿ ಅತಿ ಹೆಚ್ಚು ಸಲ ಬರುವ ದೂರು ಇದು. ಕಾರಣವೂ ಹೆಚ್ಚು ಸಲ ಒಂದೇ. ಸೀಲ್ ಹೋಗಿರುತ್ತದೆ.

ಡ್ರೈವರ್‌ನ ಡಯಾಫ್ರಮ್ (ನಡುಗುವ ತೆಳು ಪೊರೆ) ಮತ್ತು ನಿಮ್ಮ ಕಿವಿತಮಟೆಯ ನಡುವೆ ಒಂದು ಪುಟ್ಟ ಗಾಳಿ ಕೋಣೆ ಇದೆ. ತಗ್ಗಿನ ಸ್ವರಗಳಲ್ಲಿ ಡಯಾಫ್ರಮ್ ಸೈಕಲ್ ಪಂಪ್‌ನ ಹಾಗೆ ಆ ಗಾಳಿಯನ್ನು ನೇರವಾಗಿ ಒತ್ತುತ್ತದೆ, ಬಿಡುತ್ತದೆ. ಕೋಣೆ ಬಿಗಿಯಾಗಿ ಮುಚ್ಚಿದ್ದರೆ 20 ಹರ್ಟ್ಜ್ ಹತ್ತಿರದ ತನಕವೂ ಒತ್ತಡ ಕಿವಿಗೆ ತಲುಪುತ್ತದೆ. ಎಲ್ಲೋ ಒಂದು ಸಣ್ಣ ಸಂದು ಬಿಟ್ಟರೆ ಸಾಕು, ನಿಧಾನವಾಗಿ ಏರಿಳಿಯುವ ಆ ಒತ್ತಡ ಅಲ್ಲಿಂದ ಹೊರಗೆ ಜಾರುತ್ತದೆ. ವೇಗದ ಕಂಪನಗಳಿಗೆ ಜಾರುವಷ್ಟು ಹೊತ್ತೇ ಸಿಗುವುದಿಲ್ಲ. ಹಾಗಾಗಿ ಮಾತು, ತಂಬೂರಿ, ತಾಳ ಎಲ್ಲ ಮೊದಲಿನ ಹಾಗೇ ಇದ್ದು, ಮೃದಂಗದ ಎಡಭಾಗದ ಗುಂಕಿ ಮಾತ್ರ ಒಣಗಿದಂತೆ ಕೇಳುತ್ತದೆ. ಇದು ಸೋರಿಕೆಯದೇ ಗುರುತು. ಡ್ರೈವರ್ ನಿಜವಾಗಿಯೂ ಕೆಟ್ಟರೆ ಇಷ್ಟು ಅಚ್ಚುಕಟ್ಟಾಗಿ ಕೆಡುವುದಿಲ್ಲ.

ಪರೀಕ್ಷೆ ಸುಲಭ. 40 ಹರ್ಟ್ಜ್ ಟೋನ್ ಹಾಕಿ, ವಾಲ್ಯೂಮ್ ಸಾಧಾರಣ ಇರಲಿ. ಎರಡೂ ಕಪ್‌ಗಳನ್ನು ಅಂಗೈಯಿಂದ ಮೆಲ್ಲಗೆ ಒಳಕ್ಕೆ ಒತ್ತಿ. ದನಿ ದಪ್ಪಗಾಯಿತೇ? ಸೋರಿಕೆ ಇದೆ. ಈಗ ಒಂದೊಂದೇ ಕಪ್ ಒತ್ತಿ. ಯಾವ ಕಡೆ ಬದಲಾವಣೆ ಜಾಸ್ತಿಯೋ ಆ ಕಡೆ ಸಂದು ಇದೆ. ಇನ್ನೂ ನಿಖರವಾಗಿ ಬೇಕಿದ್ದರೆ ಪ್ಯಾಡ್‌ನ ಸುತ್ತ ಬೆರಳಿನಿಂದ ಒತ್ತುತ್ತಾ ಹೋಗಿ. ಬಹಳ ಜನರಿಗೆ ಸಂದು ಬಿಡುವುದು ಕಿವಿಯ ಕೆಳಗೆ, ದವಡೆ ಮೂಳೆಯ ಹಿಂದಿನ ತಗ್ಗಿನಲ್ಲಿ. ಅಲ್ಲಿ ಬೆರಳಿಟ್ಟ ಕೂಡಲೇ ಬಾಸ್ ತುಂಬಿಕೊಂಡರೆ ಹುಡುಕಾಟ ಮುಗಿಯಿತು.

ಕನ್ನಡಕ ಹಾಕುವವರು ಮೊದಲು ಅದನ್ನು ತೆಗೆದು ಕೇಳಬೇಕು. ದಪ್ಪ ಕಾಲಿನ ಫ್ರೇಮ್ ಪ್ಯಾಡ್ ಅಡಿಯಲ್ಲಿ ಎರಡು ಸುರಂಗ ಮಾಡಿಡುತ್ತದೆ. ಹೊಸ ಫ್ರೇಮ್ ಬಂದ ವಾರವೇ ಹೆಡ್‌ಫೋನ್ ಕೆಟ್ಟಂತೆ ಅನಿಸಿದರೆ ಆಶ್ಚರ್ಯವೇನಿಲ್ಲ. ದಟ್ಟ ಕೂದಲು, ಗಡ್ಡ, ಟೋಪಿಯ ಅಂಚು ಎಲ್ಲ ಇದೇ ಕೆಲಸ ಮಾಡುತ್ತವೆ. ಹೆಡ್‌ಬ್ಯಾಂಡ್ ಕೂಡ ನೋಡಿ. ಬಿಗಿ ಅಂತ ಅದನ್ನು ಹಿಗ್ಗಿಸಿದ್ದರೆ ಅಥವಾ ದಪ್ಪ ಸ್ಟ್ಯಾಂಡ್ ಮೇಲೆ ತಿಂಗಳುಗಟ್ಟಲೆ ನೇತುಹಾಕಿದ್ದರೆ ಹಿಡಿತ ಸಡಿಲವಾಗಿರುತ್ತದೆ. ಹಿಡಿತ ಕಮ್ಮಿಯಾದರೆ ಸೀಲೂ ಕಮ್ಮಿ.

ತಲೆಯದ್ದೇನೂ ತಪ್ಪಿಲ್ಲ ಅಂತಾದರೆ ಪ್ಯಾಡ್ ನೋಡಿ. ಇಲ್ಲಿ ಅವಸರ ಬೇಡ. ಟಾರ್ಚ್ ಹಿಡಿದು ಪ್ಯಾಡ್ ಮತ್ತು ಬ್ಯಾಫಲ್ (ಡ್ರೈವರ್ ಕೂರಿಸಿರುವ ಹಲಗೆ) ಸೇರುವ ಗೆರೆಯನ್ನು ಪೂರ್ತಿ ಒಂದು ಸುತ್ತು ನೋಡಿ. ಕೆಲವು ಹೆಡ್‌ಫೋನ್‌ಗಳಲ್ಲಿ ಪ್ಯಾಡ್ ಹಿಂದೆ ಪ್ಲಾಸ್ಟಿಕ್ ಉಂಗುರ ಇದ್ದು, ಅದರ ಹಲ್ಲುಗಳು ಬ್ಯಾಫಲ್‌ನ ಕಂಡಿಗಳಲ್ಲಿ ಕೂರುತ್ತವೆ. ಒಂದು ಹಲ್ಲು ತಪ್ಪಿದರೂ ಹೊರಗಿನಿಂದ ಕೂದಲೆಳೆಯಷ್ಟು ಸಂದು ಮಾತ್ರ ಕಾಣುತ್ತದೆ, ಬಾಸ್ ಮಾತ್ರ ಅರ್ಧ ಮಾಯ. ಇನ್ನು ಕೆಲವದರಲ್ಲಿ ಪ್ಯಾಡ್‌ನ ಬಟ್ಟೆಯಂಥ ಅಂಚನ್ನು ಕಪ್‌ನ ತುಟಿಗೆ ಸಿಕ್ಕಿಸಬೇಕು. ಆ ಅಂಚು ಒಂದು ಕಡೆ ಮಡಚಿಕೊಂಡು ಒಳಗೆ ಕೂತಿರುತ್ತದೆ. ಹಳೇ ಪ್ಲಾಸ್ಟಿಕ್ ಕಾರ್ಡ್ ಒಂದನ್ನು ಆ ಗೆರೆಯಲ್ಲಿ ಮೆಲ್ಲಗೆ ಓಡಿಸಿದರೆ ಎಲ್ಲಿ ಮಡಚಿದೆ ಅಂತ ಕೈಗೇ ಗೊತ್ತಾಗುತ್ತದೆ. ಡ್ಯಾನ್ ಕ್ಲಾರ್ಕ್ ಆಡಿಯೊದ ಈಯಾನ್‌ನಂಥವುಗಳಲ್ಲಿ ಪ್ಯಾಡ್ ಅಂಟಿನಿಂದ ಕೂತಿರುತ್ತದೆ. ಒಮ್ಮೆ ಕಿತ್ತು ಮತ್ತೆ ಒತ್ತಿದ್ದರೆ ಅಂಟು ಒಂದು ಬದಿ ಎದ್ದಿರಬಹುದು.

ಆಮೇಲೆ ಪ್ಯಾಡ್‌ನ ಮೈ. ಕೃತಕ ಚರ್ಮ ಸಿಪ್ಪೆ ಏಳುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಾಣದೆ ಇರುವುದು ಒಳಗಿನ ಹೊಲಿಗೆಯ ಗೆರೆ. ಪ್ಯಾಡನ್ನು ಬೆರಳಿನಿಂದ ಸ್ವಲ್ಪ ಅಗಲಿಸಿ ನೋಡಿದರೆ ಹೊಲಿಗೆಯ ಪಕ್ಕದಲ್ಲೇ ಉದ್ದಕ್ಕೆ ಬಿರುಕು ಬಿಟ್ಟಿರುತ್ತದೆ. ಫೋಮ್ ಕುಸಿದಿದೆಯೇ ಅಂತ ತಿಳಿಯಲು ಪ್ಯಾಡನ್ನು ಬದಿಯಿಂದ ನೋಡಿ, ಮುಂದಿನ ಮತ್ತು ಹಿಂದಿನ ದಪ್ಪ ಹೋಲಿಸಿ, ಎಡ ಬಲ ಹೋಲಿಸಿ. ಕುಸಿದ ಪ್ಯಾಡ್ ಎರಡು ಥರ ಕೆಡಿಸುತ್ತದೆ. ಸೀಲ್ ತಪ್ಪುತ್ತದೆ, ಜೊತೆಗೆ ಡ್ರೈವರ್ ಕಿವಿಗೆ ಹತ್ತಿರವಾಗಿ ಮೇಲಿನ ಸ್ವರಗಳ ಲೆಕ್ಕವೂ ಬದಲಾಗುತ್ತದೆ. ಕಿವಿಯ ಅಂಚು ಒಳಗಿನ ಬಟ್ಟೆಗೆ ತಾಗುತ್ತಿದ್ದರೆ ಪ್ಯಾಡ್‌ನ ಆಯಸ್ಸು ಮುಗಿದಿದೆ ಅಂತಲೇ ಅರ್ಥ.

ಈಕ್ವಲೈಜರ್ ಹಾಕಿ ಬಾಸ್ ಎತ್ತಿದರೆ ಆಗಲ್ವಾ ಅಂತ ಕೇಳಬಹುದು. ಆಗುವುದಿಲ್ಲ. ಸೋರುವ ಕೋಣೆಗೆ ಎಷ್ಟು ತಳ್ಳಿದರೂ ಸೋರಿಕೆ ಇದ್ದೇ ಇರುತ್ತದೆ. ಡಯಾಫ್ರಮ್ ಸುಮ್ನೆ ಜಾಸ್ತಿ ದೂರ ಓಡಾಡಿ ಕರ್ಕಶವಾಗುತ್ತದೆ.

ಹೊಸ ಪ್ಯಾಡ್ ಹಾಕಿದ ಮೇಲೆ ದನಿ ಬದಲಾಗಿದೆ

ಇದನ್ನು ದೋಷ ಅನ್ನಬೇಕೋ ಬೇಡವೋ ನೀವೇ ಹೇಳಿ. ಪ್ಯಾಡ್ ಅನ್ನುವುದು ಕುಶನ್ ಅಲ್ಲ, ಹೆಡ್‌ಫೋನ್‌ನ ಟ್ಯೂನಿಂಗ್‌ನ ಅರ್ಧ ಭಾಗ. ತೂತು ತೂತಿನ ಚರ್ಮ ಹಾಕಿದರೆ ಗಾಳಿ ಫೋಮ್ ಒಳಗೆ ಹೋಗುತ್ತದೆ. ವೆಲೂರ್ ಅಥವಾ ಸ್ವೀಡ್ ಹಾಕಿದರೆ ಬಾಸ್ ಇಳಿಯುತ್ತದೆ. ದಪ್ಪ ಪ್ಯಾಡ್ ಹಾಕಿದರೆ ಡ್ರೈವರ್ ದೂರ ಹೋಗುತ್ತದೆ. ಕೇಬಲ್ ಬದಲಿಸಿ ಆಕಾಶ ಭೂಮಿ ವ್ಯತ್ಯಾಸ ಕೇಳಿಸಿತು ಅನ್ನುವವರು ಒಮ್ಮೆ ಪ್ಯಾಡ್ ಬದಲಿಸಿ ನೋಡಬೇಕು ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಹೊಸ ಪ್ಯಾಡ್ ಮೊದಲು ಗಟ್ಟಿ ಇರುತ್ತದೆ, ಮುಖಕ್ಕೆ ಒಗ್ಗಲು ಸ್ವಲ್ಪ ದಿನ ಬೇಕು. ಅಷ್ಟು ದಿನ ಕಾದ ಮೇಲೂ ಸರಿ ಅನಿಸದಿದ್ದರೆ ಹಳೇ ಪ್ಯಾಡನ್ನೇ ವಾಪಸ್ ಹಾಕಿ ಕೇಳಿ. ಅದಕ್ಕೇ ಹಳೇ ಪ್ಯಾಡ್ ಎಸೆಯಬಾರದು. ಹರಿದಿದ್ದರೂ ಇಟ್ಟುಕೊಳ್ಳಿ.

ಒಂದು ಕಡೆ ಸಣ್ಣಗೆ ಕೇಳುತ್ತದೆ

ಇಲ್ಲಿ ತಲೆ ಕೆಡಿಸಿಕೊಳ್ಳದೆ ಅದಲುಬದಲು ಮಾಡುತ್ತಾ ಹೋಗಬೇಕು. ಪ್ರತಿ ಸಲವೂ ಒಂದೇ ಒಂದನ್ನು ಬದಲಿಸಿ. ಕೇಳಲು ಮೊನೋ ಪಿಂಕ್ ನಾಯ್ಸ್, ಅಂದರೆ ಎರಡೂ ಕಡೆ ಒಂದೇ ಸಮ ಬರುವ ಜೋಗದಂಥ ಮೊರೆತ, ಒಳ್ಳೆಯದು. ಹಾಡಿನಲ್ಲಿ ಎಡ ಬಲ ಮೊದಲೇ ಬೇರೆ ಬೇರೆ ಇರುತ್ತದೆ, ಮೋಸ ಹೋಗುತ್ತೀರಿ.

ಮೊದಲು ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಳ್ಳಿ, ಎಡ ಕಪ್ ಬಲ ಕಿವಿಗೆ. ಸಣ್ಣಗೆ ಕೇಳುವುದು ಈಗಲೂ ಅದೇ ಕಿವಿಗೇ ಆದರೆ ತೊಂದರೆ ನಿಮ್ಮ ಕಿವಿಯಲ್ಲಿದೆ. ನೆಗಡಿ, ಕಿವಿಯ ಗುಗ್ಗೆ, ಇಲ್ಲ ಎರಡು ಕಿವಿಗಳ ನಡುವೆ ಇರುವ ಸಹಜ ವ್ಯತ್ಯಾಸ. ಗುಗ್ಗೆ ಅನಿಸಿದರೆ ವೈದ್ಯರ ಹತ್ತಿರ ಹೋಗಿ, ಹತ್ತಿ ಕಡ್ಡಿ ತುರುಕಬೇಡಿ. ಕ್ಷೀಣ ದನಿ ಕಪ್ ಜೊತೆಗೇ ಇನ್ನೊಂದು ಕಿವಿಗೆ ಹೋಯಿತು ಅಂದರೆ ಕಿವಿ ಸರಿ ಇದೆ, ಮುಂದೆ ಹೋಗೋಣ.

ಎರಡೂ ಕಪ್‌ಗೆ ಬೇರೆ ಬೇರೆ ಪ್ಲಗ್ ಇರುವ ಕೇಬಲ್ ಆದರೆ ಎಡ ಬಲ ಪ್ಲಗ್‌ಗಳನ್ನು ಅದಲುಬದಲು ಮಾಡಿ. ಬೆಯರ್‌ಡೈನಮಿಕ್ ಡಿಟಿ 770 ಪ್ರೊನಂಥ, ಒಂದೇ ಕಡೆಯಿಂದ ಕೇಬಲ್ ಬರುವ ಹೆಡ್‌ಫೋನ್ ಆದರೆ ಈ ಅದಲುಬದಲು ಸಾಧ್ಯವಿಲ್ಲ, ನೇರ ಎರಡನೇ ಹೆಡ್‌ಫೋನ್‌ನ ಪರೀಕ್ಷೆಗೆ ಹೋಗಿ. ಕ್ಷೀಣ ದನಿ ಅದೇ ಕಪ್‌ನಲ್ಲಿ ಉಳಿದರೆ ದೋಷ ಆ ಕಪ್‌ನಲ್ಲಿದೆ, ಪ್ಯಾಡ್ ಸೇರಿಸಿ. ಇನ್ನೊಂದು ಕಪ್‌ಗೆ ಹಾರಿದರೆ ಕೇಬಲ್ ಅಥವಾ ಅದರ ಹಿಂದಿನದ್ದು. ಆಗ ಎರಡನೇ ಹೆಡ್‌ಫೋನ್ ಹೊರತೆಗೆದು ಅದೇ ಆಂಪ್‌ಗೆ ಚುಚ್ಚಿ. ಅದರಲ್ಲೂ ಒಂದು ಕಡೆ ಸಣ್ಣಗೆ ಕೇಳಿದರೆ ದೋಷ ಆಂಪ್ ಕಡೆಯದು. ನಾಬ್ ಮುಟ್ಟಬೇಡಿ, ಇದ್ದಲ್ಲೇ ಇರಲಿ.

ನಾಬ್ ಮುಟ್ಟಬೇಡಿ ಅಂದದ್ದಕ್ಕೆ ಕಾರಣ ಇದೆ. ಆಂಪ್‌ನ ವಾಲ್ಯೂಮ್ ನಾಬ್ ಹಿಂದೆ ಎರಡು ಟ್ರ್ಯಾಕ್‌ನ ಪೊಟೆನ್ಷಿಯೋಮೀಟರ್ ಇರುತ್ತದೆ, ಎಡಕ್ಕೊಂದು ಬಲಕ್ಕೊಂದು. ತಿರುವಿನ ಶುರುವಿನಲ್ಲಿ ಆ ಎರಡು ಟ್ರ್ಯಾಕ್‌ಗಳು ಸರಿಯಾಗಿ ಹೊಂದುವುದಿಲ್ಲ. ಮೇಲೆ ಹೋದಂತೆ ಹೊಂದಿಕೊಳ್ಳುತ್ತವೆ. ದುಬಾರಿ ಕ್ಲೋಸ್ಡ್ ಬ್ಯಾಕ್‌ಗಳಲ್ಲಿ ಬಹಳಷ್ಟು ತೀರಾ ಸೂಕ್ಷ್ಮ. ಡೆನಾನ್ ಎಎಚ್-ಡಿ7200, ಫಾಸ್ಟೆಕ್ಸ್ ಟಿಎಚ್900 ಎರಡೂ 25 ಓಮ್, ಫೋಕಲ್ ಸ್ಟೆಲಿಯಾ 35 ಓಮ್ (ಓಮ್ ಅಂದರೆ ಕರೆಂಟ್‌ಗೆ ಒಡ್ಡುವ ತಡೆಯ ಅಳತೆ). ಮೇಜಿನ ಮೇಲಿನ ದೊಡ್ಡ ಆಂಪ್‌ಗೆ ಇವನ್ನು ಸಿಕ್ಕಿಸಿದರೆ ನಾಬ್ ಇನ್ನೂ ಏಳುವ ಮೊದಲೇ ಸಾಕಷ್ಟು ಜೋರಾಗಿರುತ್ತದೆ. ನೀವು ಕೇಳುವುದೆಲ್ಲ ಆ ಹೊಂದದ ಜಾಗದಲ್ಲೇ. ಅದೇ ಆಂಪ್‌ನಲ್ಲಿ 300 ಓಮ್ ಹೆಡ್‌ಫೋನ್ ಹಾಕಿದರೆ ನಾಬ್ ಮಧ್ಯಕ್ಕೆ ಬರುತ್ತದೆ, ದೋಷವೇ ಇಲ್ಲ ಅನಿಸುತ್ತದೆ. ಆಗ ತಪ್ಪು ಪಾಪದ ಡೆನಾನ್ ತಲೆಗೆ ಕಟ್ಟುತ್ತೇವೆ.

ಪರಿಹಾರಕ್ಕೆ ಹಣವೇನೂ ಬೇಡ. ಆಂಪ್‌ನಲ್ಲಿ ಲೋ ಗೇನ್ ಇದ್ದರೆ ಹಾಕಿ. ಕಂಪ್ಯೂಟರ್ ಅಥವಾ ಪ್ಲೇಯರ್‌ನಲ್ಲಿ ಡಿಜಿಟಲ್ ವಾಲ್ಯೂಮ್ 10ರಿಂದ 20 ಡೆಸಿಬೆಲ್ ಇಳಿಸಿ, ನಾಬನ್ನು ಮೇಲಕ್ಕೆ ತನ್ನಿ. ನಡುವಿನಲ್ಲಿ ದನಿ ಸರಿಯಾಗಿ ನಿಂತರೆ ಹೆಡ್‌ಫೋನ್ ನಿರ್ದೋಷಿ.

ಇದೆಲ್ಲ ದಾಟಿ ಕಪ್‌ನಲ್ಲೇ ದೋಷ ಅಂತಾದರೆ ಪ್ಯಾಡ್‌ಗಳನ್ನು ಎಡ ಬಲ ಬದಲಿಸಿ ನೋಡಿ. ಓರೆ ಪ್ಯಾಡ್ ಆದರೆ ಪರೀಕ್ಷೆಯ ಮಟ್ಟಿಗೆ ಮಾತ್ರ. ವ್ಯತ್ಯಾಸ ಬರೀ ಬಾಸ್‌ನಲ್ಲಿದ್ದರೆ ಕಪ್‌ನ ವೆಂಟ್ ನೋಡಿ. ಕ್ಲೋಸ್ಡ್ ಅಂತ ಹೆಸರಿದ್ದರೂ ಬಹಳಷ್ಟರಲ್ಲಿ ಗಾಳಿಯಾಡಲು ಒಂದು ಸಣ್ಣ ತೂತು ಅಥವಾ ಸೀಳು ಇರುತ್ತದೆ, ಒಳಗಡೆ ಅದರ ಮೇಲೆ ತೆಳು ಜಾಲರಿಯೋ ಫೆಲ್ಟೋ ಅಂಟಿಸಿರುತ್ತಾರೆ. ಒಂದು ಕಡೆ ಆ ಫೆಲ್ಟ್ ಬಿದ್ದುಹೋದರೆ ಅಥವಾ ತೂತಿಗೆ ಧೂಳು ಕೂತರೆ ಎರಡು ಕಡೆಯ ಬಾಸ್ ಬೇರೆಯಾಗುತ್ತದೆ. ಹೊರಗಿನಿಂದ ತೂತಿನ ಮೇಲೆ ಬೆರಳಿಟ್ಟು ತೆಗೆದು ಕೇಳಿ. ಒಂದು ಕಪ್‌ನಲ್ಲಿ ದನಿ ಬದಲಾಗಿ ಇನ್ನೊಂದರಲ್ಲಿ ಏನೂ ಆಗದಿದ್ದರೆ, ಏನೂ ಆಗದ ಕಡೆ ತೂತು ಮುಚ್ಚಿಹೋಗಿದೆ.

ಗಾಯಕಿ ಕಾಣೆ, ಪ್ರತಿಧ್ವನಿ ಮಾತ್ರ ಇದೆ

ಈ ದೋಷ ಒಮ್ಮೆ ಕೇಳಿದವರು ಮರೆಯುವುದಿಲ್ಲ. ಹಿನ್ನೆಲೆ ವಾದ್ಯಗಳು ಎರಡೂ ಕಡೆ ತೇಲುತ್ತವೆ, ನಡುವಿನ ದನಿ ಪೂರ್ತಿ ಖಾಲಿ, ಬಾಸ್ ಕೂಡ ಇಲ್ಲ. ಕೇಳಲು ಭಯಂಕರ, ಸರಿಪಡಿಸಲು ಸುಲಭ.

ಸಾಮಾನ್ಯ 3.5 ಅಥವಾ 6.35 ಎಂಎಂ ಪ್ಲಗ್‌ನಲ್ಲಿ ತುದಿ ಎಡಕ್ಕೆ, ಉಂಗುರ ಬಲಕ್ಕೆ, ಬುಡದ ಸ್ಲೀವ್ ಎರಡಕ್ಕೂ ಸೇರಿದ ಗ್ರೌಂಡ್. ಆ ಗ್ರೌಂಡ್ ತುಂಡಾದರೆ ಕರೆಂಟ್‌ಗೆ ವಾಪಸ್ ಹೋಗಲು ಬೇರೆ ದಾರಿ ಇಲ್ಲ. ಎಡ ಡ್ರೈವರ್‌ನಿಂದ ಹೊರಟು ಬಲ ಡ್ರೈವರ್ ಮೂಲಕ ಹೋಗುತ್ತದೆ. ಆಗ ನಿಮಗೆ ಕೇಳುವುದು ಎಡ ಬಲಗಳ ವ್ಯತ್ಯಾಸ ಮಾತ್ರ. ಎರಡರಲ್ಲೂ ಒಂದೇ ಸಮ ಇರುವ ಗಾಯನ, ಬಾಸ್, ಡ್ರಮ್ ಒಂದಕ್ಕೊಂದು ಹೊಡೆದುಕೊಂಡು ಹೋಗುತ್ತವೆ. ಮೊನೋ ಟೋನ್ ಹಾಕಿ ನೋಡಿ, ದನಿ ಹೆಚ್ಚುಕಡಿಮೆ ಇಲ್ಲದೇ ಹೋದರೆ ರೋಗ ಇದೇ.

ಪ್ಲಗ್ ಪೂರ್ತಿ ಒಳಗೆ ಹೋಗಿದೆಯೇ ಅಂತ ಮೊದಲು ನೋಡಿ. ಫೋನ್ ಕವರ್ ದಪ್ಪವಿದ್ದು ಪ್ಲಗ್ ಅರ್ಧದಲ್ಲೇ ನಿಂತಿರುತ್ತದೆ. ಆಮೇಲೆ ಅಡಾಪ್ಟರ್ ತೆಗೆದು ನೋಡಿ. ಕೊನೆಗೆ ಮಲ್ಟಿಮೀಟರ್‌ನ ಬೀಪ್ ಮೋಡ್‌ನಲ್ಲಿ ಕೇಬಲ್‌ನ ಆ ತುದಿಯಿಂದ ಈ ತುದಿಗೆ ಒಂದೊಂದೇ ತಂತಿ ಪರೀಕ್ಷಿಸಿ. ಪರೀಕ್ಷಿಸುವಾಗ ಪ್ಲಗ್‌ನ ಬುಡವನ್ನು ಸ್ವಲ್ಪ ಬಾಗಿಸುತ್ತಾ ಇರಿ. ತಂತಿ ಮುರಿಯುವುದು ಸಾಮಾನ್ಯವಾಗಿ ಅಲ್ಲೇ, ರಬ್ಬರ್ ಮುಗಿದು ಕೇಬಲ್ ಶುರುವಾಗುವ ಕಡೆ.

ಇದಕ್ಕೆ ಹತ್ತಿರದ ಇನ್ನೊಂದು ದೋಷ ಪೊಲಾರಿಟಿ, ಅಂದರೆ ಒಂದು ಕಡೆಯ ಪ್ಲಸ್ ಮೈನಸ್, ತಿರುಗುಮುರುಗಾಗುವುದು. ಹೊಸ ಕೇಬಲ್ ಕಟ್ಟಿದ ಮೇಲೆ, ಡ್ರೈವರ್‌ಗೆ ಸೋಲ್ಡರ್ ಮಾಡಿದ ಮೇಲೆ ಬರುವಂಥದ್ದು. ದನಿ ಇರುತ್ತದೆ, ಆದರೆ ತಲೆಯ ನಡುವೆ ನಿಲ್ಲುವುದಿಲ್ಲ. ಎರಡು ಪಕ್ಕಕ್ಕೂ ಹರಡಿ ಏನೋ ಮುಜುಗರ. 80 ಹರ್ಟ್ಜ್ ಮೊನೋ ಟೋನ್ ಹಾಕಿ ಎರಡು ಕಪ್‌ಗಳನ್ನು ಎದುರುಬದುರು, ಮೆಲ್ಲಗೆ, ಹತ್ತಿರ ಹಿಡಿಯಿರಿ. ಪ್ಲೇಯರ್‌ನಲ್ಲಿ ಒಂದು ಚಾನೆಲ್‌ನ ಪೊಲಾರಿಟಿ ತಿರುಗಿಸಿ ಮತ್ತೆ ಕೇಳಿ. ತಿರುಗಿಸಿದಾಗಲೇ ಜೋರಾದರೆ ನಿಮ್ಮ ವೈರಿಂಗ್ ಉಲ್ಟಾ ಆಗಿದೆ.

ಬ್ಯಾಲೆನ್ಸ್ಡ್ ಕೇಬಲ್ (ಎಡ ಬಲಕ್ಕೆ ಬೇರೆ ಬೇರೆ ಮೈನಸ್ ತಂತಿ ಇರುವುದು) ಇದ್ದವರಿಗೆ ಒಂದು ಮಾತು. 4 ಪಿನ್ ಎಕ್ಸ್‌ಎಲ್‌ಆರ್‌ನಲ್ಲಿ 1 ಮತ್ತು 2 ಎಡದ ಪ್ಲಸ್ ಮೈನಸ್, 3 ಮತ್ತು 4 ಬಲದ ಪ್ಲಸ್ ಮೈನಸ್. ಬ್ಯಾಲೆನ್ಸ್ಡ್ ಹೆಡ್‌ಫೋನ್ ಕೇಬಲನ್ನು ಅಡಾಪ್ಟರ್ ಮೂಲಕ ಸಾಮಾನ್ಯ 6.35 ಜ್ಯಾಕ್‌ಗೆ ಹಾಕಬಹುದು. ಉಲ್ಟಾ ಮಾತ್ರ ಬೇಡ. ಬ್ಯಾಲೆನ್ಸ್ಡ್ ಔಟ್‌ಪುಟ್‌ಗೆ ಅಡಾಪ್ಟರ್ ಹಾಕಿ ಮೂರು ತಂತಿಯ ಸಾಮಾನ್ಯ ಪ್ಲಗ್ ಸಿಕ್ಕಿಸಿದರೆ ಆಂಪ್‌ನ ಎರಡು ಮೈನಸ್‌ಗಳು ಒಂದಕ್ಕೊಂದು ಶಾರ್ಟ್ ಆಗುತ್ತವೆ. ಹೆಡ್‌ಫೋನ್‌ನಲ್ಲಿ ಇಲ್ಲದ ದೋಷ ಆಂಪ್‌ನಲ್ಲಿ ಹುಟ್ಟುತ್ತದೆ.

ಗರಗರ, ಜುಂಯ್, ಟಿಕ್

ಮೊದಲು ಫೈಲ್ ಮತ್ತು ಈಕ್ವಲೈಜರ್ ಮೇಲೆ ಅನುಮಾನ ಪಡಿ. 6 ಡೆಸಿಬೆಲ್ ಬಾಸ್ ಎತ್ತಿ, ಅದರ ಪ್ರೀಆಂಪ್ (ಒಟ್ಟು ಮಟ್ಟ) ಅಷ್ಟೇ ಇಳಿಸದೇ ಇದ್ದರೆ ಡಿಜಿಟಲ್ ಕ್ಲಿಪ್ಪಿಂಗ್ ಆಗಿ ಹರಿದ ದನಿ ಬರುತ್ತದೆ. ಈಕ್ವಲೈಜರ್ ಆಫ್ ಮಾಡಿದಾಗ ಹೋದರೆ ಅಲ್ಲಿಗೆ ಮುಗಿಯಿತು.

ಹೋಗದಿದ್ದರೆ 20ರಿಂದ 300 ಹರ್ಟ್ಜ್ ತನಕ ನಿಧಾನವಾದ ಸ್ವೀಪ್ ಹಾಕಿ. ಒಂದೇ ಒಂದು ಜಾಗದಲ್ಲಿ, ಉದಾಹರಣೆಗೆ 110ರ ಆಸುಪಾಸಿನಲ್ಲಿ ಮಾತ್ರ ಜುಂಯ್ ಅಂದರೆ ಎಲ್ಲೋ ಸಡಿಲವಾದ ಭಾಗ ಅದೇ ಕಂಪನಕ್ಕೆ ಕುಣಿಯುತ್ತಿದೆ. ಟೋನ್ ಅಲ್ಲೇ ನಿಲ್ಲಿಸಿ, ಕಪ್‌ನ ಸ್ಕ್ರೂ, ಲೋಗೋ ಬಿಲ್ಲೆ, ಯೋಕ್ (ಕಪ್ ಹಿಡಿದಿರುವ ಕವಲು), ಸ್ಲೈಡರ್ ಒಂದೊಂದನ್ನೇ ಬೆರಳಿನಿಂದ ಒತ್ತಿ. ಒತ್ತಿದ ಕೂಡಲೇ ಯಾವುದು ಬಾಯಿ ಮುಚ್ಚುತ್ತದೋ ಅದೇ ಕಳ್ಳ. ಮರದ ಕಪ್‌ಗಳಲ್ಲಿ ಸ್ಕ್ರೂ ಸಡಿಲವಾಗುವುದು ಮಾಮೂಲು, ಹವೆಗೆ ತಕ್ಕಂತೆ ಮರ ಹಿಗ್ಗಿ ಕುಗ್ಗುತ್ತದೆ. ಬಿಗಿ ಮಾಡುವಾಗ ಎದುರುಬದುರಿನ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ. ಪೂರ್ತಿ ಬಲ ಹಾಕಿದರೆ ಮರ ಸೀಳುತ್ತದೆ. ಸ್ಕ್ರೂ ಸುಮ್ನೆ ಸುತ್ತುತ್ತಿದ್ದರೆ ತೂತಿಗೆ ಮರದ ಅಂಟು ಸವರಿದ ಹಲ್ಲುಕಡ್ಡಿ ಚೂರು ಹಾಕಿ, ಪೂರ್ತಿ ಒಣಗಿದ ಮೇಲೆ ಸ್ಕ್ರೂ ಹಾಕಿ.

ಒಂದು ಜಾಗದಲ್ಲಿ ಅಲ್ಲ, ತಗ್ಗಿನ ಸ್ವರಗಳ ಉದ್ದಕ್ಕೂ ಪಿಸಿಪಿಸಿ ಗರಗರ ಇದೆ, ಜೋರು ಮಾಡಿದಂತೆ ಹೆಚ್ಚಾಗುತ್ತದೆ ಅಂದರೆ ಡಯಾಫ್ರಮ್ ಮೇಲೆ ಏನೋ ಕೂತಿದೆ. ಹತ್ತರಲ್ಲಿ ಒಂಬತ್ತು ಸಲ ಅದು ಕೂದಲು. ಪ್ಯಾಡ್ ತೆಗೆಯಿರಿ, ಒಳಗಿನ ತೆಳು ಫೋಮ್ ಅಥವಾ ಬಟ್ಟೆಯ ಬಿಲ್ಲೆ ಎತ್ತಿ, ಟಾರ್ಚನ್ನು ಬದಿಯಿಂದ ಹಿಡಿಯಿರಿ. ನೇರ ಮೇಲಿನಿಂದ ಬೆಳಕು ಬಿಟ್ಟರೆ ಕಾಣುವುದಿಲ್ಲ. ಓರೆ ಬೆಳಕಿನಲ್ಲಿ ಹೊಳೆಯುವ ಪೊರೆಯ ಮೇಲೆ ಕೂದಲಿನ ನೆರಳು ಗೆರೆ ಎಳೆದ ಹಾಗೆ ಕಾಣುತ್ತದೆ. ಒಂದು ತುದಿ ಡ್ರೈವರ್ ಮುಂದಿನ ಜಾಲರಿಯ ತೂತಿನಿಂದ ಹೊರಗೆ ಇಣುಕಿರುತ್ತದೆ, ಇನ್ನೊಂದು ತುದಿ ಪೊರೆಗೆ ತಾಗಿರುತ್ತದೆ.

ತೆಗೆಯಲು ಪ್ಲಾಸ್ಟಿಕ್ ಚಿಮಟ ಬಳಸಿ. ಕಬ್ಬಿಣದ ಚಿಮಟ ಬೇಡ, ಇದನ್ನು ಒತ್ತಿ ಹೇಳುತ್ತೇನೆ. ಈ ಡ್ರೈವರ್‌ಗಳ ಅಯಸ್ಕಾಂತ ಬಲವಾದದ್ದು. ಚಿಮಟದ ತುದಿ ಹತ್ತಿರ ಹೋದ ಕೂಡಲೇ ಟಕ್ ಅಂತ ಎಳೆದುಕೊಳ್ಳುತ್ತದೆ, ಕೈ ಹಿಡಿತಕ್ಕೆ ಸಿಗುವ ಮೊದಲೇ ಪೊರೆಗೆ ತೂತು ಬಿದ್ದಿರುತ್ತದೆ. ಸ್ಕ್ರೂಡ್ರೈವರ್‌ಗೂ ಇದೇ ಮಾತು. ಬಾಯಿಂದ ಊದಬೇಡಿ, ಗಾಳಿ ಡಬ್ಬಿ ಬೇಡ, ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ.

ಪ್ಲೇನರ್ ಡ್ರೈವರ್ (ಪೊರೆಯ ಮೇಲೇ ಕರೆಂಟ್ ಹರಿಯುವ ಗೆರೆಗಳಿರುವ ಚಪ್ಪಟೆ ಡ್ರೈವರ್) ಇರುವವುಗಳಲ್ಲಿ, ಉದಾಹರಣೆಗೆ ಆಡೆಜ್ ಎಲ್‌ಸಿಡಿ-ಎಕ್ಸ್‌ಸಿಯಂಥವು, ತಲೆಗೆ ಹಾಕುವಾಗ ಕಾಗದ ಸುಕ್ಕಾದಂಥ ಸದ್ದು ಕೇಳಬಹುದು. ಸೀಲ್ ಬಿಗಿ ಇದ್ದಾಗ ಗಾಳಿ ಪೊರೆಯನ್ನು ಒಮ್ಮೆಗೇ ತಳ್ಳುತ್ತದೆ, ಅದರ ಸದ್ದು. ಹಾಡು ಕೇಳುವಾಗ ಇಲ್ಲದಿದ್ದರೆ ದೋಷವಲ್ಲ. ಆದರೂ ಕಪ್ ಮೇಲೆ ರಪ್ಪನೆ ಕೈ ಒತ್ತಬೇಡಿ. ಹಾಕುವಾಗ ತೆಗೆಯುವಾಗ ಪ್ಯಾಡ್‌ನ ಕೆಳ ಅಂಚು ಸ್ವಲ್ಪ ಎತ್ತಿ ಗಾಳಿಗೆ ದಾರಿ ಬಿಡಿ.

ದನಿ ಬಿಟ್ಟು ಬಿಟ್ಟು ಬಂದು, ಕಪ್ ತಿರುಗಿಸಿದಾಗ ಟಿಕ್ ಅಂದರೆ ಜ್ಯಾಕ್ ಒಳಗೆ ಕೊಳೆ ಇರಬಹುದು. ಪ್ಲಗ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿ, ಕೆಲವು ಸಲ ಹಾಕಿ ತೆಗೆದು, ಒಣಗಲು ಬಿಡಿ.

ಬಾಸ್ ಗುಂಯ್‌ಗುಡುತ್ತದೆ, ಮಾತು ಡಬ್ಬಿಯೊಳಗಿಂದ ಬಂದಂತಿದೆ

ಇವು ಎರಡು ಬೇರೆ ದೂರುಗಳು, ಜನ ಸೇರಿಸಿ ಹೇಳುತ್ತಾರೆ.

ಬಾಸ್ ಉಬ್ಬಿದ್ದರೆ ಆಂಪ್‌ನ ಔಟ್‌ಪುಟ್ ಇಂಪಿಡೆನ್ಸ್, ಅಂದರೆ ಓಮ್‌ನಲ್ಲಿ ಹೇಳುವ ಅದರ ತಡೆ, ನೋಡಿ. ಡೈನಮಿಕ್ ಡ್ರೈವರ್‌ನ (ಪೊರೆಗೆ ಕಾಯಿಲ್ ಅಂಟಿಸಿರುವ ಮಾಮೂಲಿ ಥರ) ಇಂಪಿಡೆನ್ಸ್ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ತಗ್ಗಿನಲ್ಲಿ ಅದರ ಅನುರಣನದ ಜಾಗದಲ್ಲಿ ಏರುತ್ತದೆ. 25 ಓಮ್‌ನ ಹೆಡ್‌ಫೋನ್ ಅಲ್ಲಿ 40 ಓಮ್ ಆಗುತ್ತದೆ ಅಂದುಕೊಳ್ಳಿ. ಆಂಪ್‌ನದ್ದು 10 ಓಮ್ ಇದ್ದರೆ ಆ ಜಾಗದಲ್ಲಿ ಸುಮಾರು 1 ಡೆಸಿಬೆಲ್ ಜಾಸ್ತಿ ಬರುತ್ತದೆ. ಹಳೇ ರಿಸೀವರ್‌ಗಳಂತೆ 100 ಓಮ್‌ಗಿಂತ ಜಾಸ್ತಿ ಇದ್ದರೆ ಉಬ್ಬು 3 ಡೆಸಿಬೆಲ್ ದಾಟುತ್ತದೆ. ಆಂಪ್‌ನದ್ದು ಹೆಡ್‌ಫೋನ್‌ನ 8ನೇ ಒಂದು ಭಾಗಕ್ಕಿಂತ ಕಮ್ಮಿ ಇರಲಿ ಅನ್ನುವ ರೂಢಿ ಇಲ್ಲಿಂದಲೇ ಬಂದದ್ದು. ಪ್ಲೇನರ್‌ಗಳಿಗೆ ಈ ಚಿಂತೆ ಇಲ್ಲ, ಅವುಗಳ ಇಂಪಿಡೆನ್ಸ್ ಹೆಚ್ಚುಕಡಿಮೆ ನೆಟ್ಟಗೆ ಇರುತ್ತದೆ.

ಡಬ್ಬಿ ದನಿ ಕಪ್‌ನಿಂದ ಬರುತ್ತದೆ. ಡ್ರೈವರ್ ಹಿಂದಕ್ಕೂ ಅಷ್ಟೇ ಸದ್ದು ಮಾಡುತ್ತದೆ. ಅದು ಕಪ್‌ನ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಒಳಗಿನ ಆಳ 4 ಸೆಂಟಿಮೀಟರ್ ಇದ್ದರೆ 4,300 ಹರ್ಟ್ಜ್ ಸುತ್ತಮುತ್ತ ನಿಂತ ಅಲೆ ಕಟ್ಟಿಕೊಳ್ಳುತ್ತದೆ. ಅದನ್ನು ನುಂಗಲು ಒಳಗೆ ಫೆಲ್ಟ್, ಉಣ್ಣೆ, ಪಾಲಿಯೆಸ್ಟರ್ ನಾರು ಇಟ್ಟಿರುತ್ತಾರೆ. ಮೊದಲು ಸರಿ ಇದ್ದು ಈಗ ಹೀಗಾದರೆ ಆ ತುಂಬಿದ್ದು ಜಾರಿ ಒಂದು ಮೂಲೆಗೆ ಬಿದ್ದಿದೆ. ಕಪ್ ಅಲುಗಿಸಿದಾಗ ಒಳಗೆ ಏನೋ ಸರಿದಂತಾದರೆ ಇದೇ. ಮೊದಲಿನಿಂದಲೂ ಹೀಗೇ ಇದ್ದರೆ ಅದು ಆ ಮಾಡೆಲ್‌ನ ಗುಣ.

ಗುಣವೋ ದೋಷವೋ ಅನ್ನುವ ಗೊಂದಲ ಹೋಲಿಸುವಾಗ ಜಾಸ್ತಿ. ಬಾಸ್ ಮತ್ತು ಟ್ರೆಬಲ್ ಎರಡನ್ನೂ ಎತ್ತಿ ಕೊಡುವ ಟಿಎಚ್900 ಕೇಳಿ ಅಭ್ಯಾಸವಾದವರಿಗೆ ಹಾರ್ಮನ್ ಕರ್ವ್‌ಗೆ (ಬಹಳ ಜನ ಮೆಚ್ಚುವ ದನಿ ಅಂತ ಸಂಶೋಧಕರು ಗುರುತಿಸಿದ ಗೆರೆ) ಹತ್ತಿರವಿರುವ ಎಕೆಜಿ ಕೆ371 ಹಾಕಿದರೆ ತಾಳ ಸತ್ತಂತೆ ಕೇಳಬಹುದು. ಅರ್ಧ ಗಂಟೆ ಬಿಟ್ಟು ಕೇಳಿ, ಕಿವಿ ಒಗ್ಗುತ್ತದೆ. ಎರಡನ್ನೂ ಒಂದೇ ಜೋರಿಗೆ ತರದೆ ಹೋಲಿಸಬೇಡಿ. 1 ಡೆಸಿಬೆಲ್ ಜೋರಿದ್ದರೂ ಅದೇ ಚೆಂದ ಅನಿಸುತ್ತದೆ. ನಾಬ್ ಒಂದೇ ಜಾಗದಲ್ಲಿದ್ದರೆ ಜೋರು ಒಂದೇ ಅಂತ ಅಲ್ಲ, ಒಂದೊಂದರ ಸೂಕ್ಷ್ಮತೆ ಒಂದೊಂದು. ಚಪ್ಪಟೆ ಹಲಗೆಯಲ್ಲಿ ತೂತು ಮಾಡಿ ಮೈಕ್ ಕೂರಿಸಿ, ಪಿಂಕ್ ನಾಯ್ಸ್‌ನಿಂದ ಹೊಂದಿಸಿ. ಅಳೆಯಲು ಆರ್‌ಇಡಬ್ಲ್ಯೂ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಹೀಗೆ ಸಿಕ್ಕ ಗೆರೆಯನ್ನು ಬೇರೆಯವರ ಗೆರೆಯ ಜೊತೆ ಹೋಲಿಸಬೇಡಿ. ನಿಮ್ಮ ಎಡ ಕಪ್ ಮತ್ತು ಬಲ ಕಪ್, ಮಾಡ್‌ಗೆ ಮೊದಲು ಮತ್ತು ಆಮೇಲೆ, ಇಷ್ಟಕ್ಕೆ ಮಾತ್ರ ಅದು ನಂಬಿಕಸ್ಥ.

ಮಾಡ್ ಮಾಡಿದ್ದೇ ಮುಳುವಾಗಿದ್ದರೆ

ಕ್ಲೋಸ್ಡ್ ಬ್ಯಾಕ್ ಮಾಡ್‌ಗಳ ಪರಂಪರೆ ದೊಡ್ಡದು. ಫಾಸ್ಟೆಕ್ಸ್ ಟಿ50ಆರ್‌ಪಿ ಎಂಬ ಪ್ಲೇನರ್ ಸ್ಟುಡಿಯೋ ಹೆಡ್‌ಫೋನನ್ನು ಬಿಚ್ಚಿ, ವೆಂಟ್ ಮುಚ್ಚಿ, ಕಪ್ ತುಂಬಿ ಬೇರೆಯೇ ಮಾಡಿದವರು ಅನೇಕರು. ಮಿಸ್ಟರ್‌ಸ್ಪೀಕರ್ಸ್ ಕಂಪನಿ ಇಂಥದ್ದರಿಂದಲೇ ಹೆಸರು ಮಾಡಿ, 2019ರಲ್ಲಿ ಡ್ಯಾನ್ ಕ್ಲಾರ್ಕ್ ಆಡಿಯೊ ಅಂತ ಹೆಸರು ಬದಲಿಸಿತು. ಡೆನಾನ್ ಡಿ2000, ಡಿ5000ಗಳಿಗೆ ಬೇರೆ ಬೇರೆ ಮರದ ಕಪ್ ಹಾಕುವವರೂ ಬಹಳ. ಡ್ಯಾನ್ ಕ್ಲಾರ್ಕ್ ಆಡಿಯೊದ 2021ರ ಸ್ಟೆಲ್ತ್‌ನಂಥ ಹೊಸ ಕಾಲದವುಗಳಲ್ಲಿ ಡ್ರೈವರ್ ಮತ್ತು ಕಿವಿಯ ನಡುವೆಯೇ ಸದ್ದನ್ನು ಹದ ಮಾಡಲು ಲೆಕ್ಕ ಹಾಕಿ ಮಾಡಿದ ಮೆಟಾಮೆಟೀರಿಯಲ್ ರಚನೆ ಇರುತ್ತದೆ. ಅಂಥದ್ದಕ್ಕೆ ಕೈ ಹಾಕಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಮಾಡ್ ಆದ ಹೆಡ್‌ಫೋನ್ ಬೇರೆಯವರಿಂದ ಕೊಂಡಿದ್ದರೆ ದೋಷ ಹುಡುಕುವ ಕ್ರಮ ಹೀಗಿರಲಿ. ಒಂದು ಕಪ್ ಮಾತ್ರ ಬಿಚ್ಚಿ, ಇನ್ನೊಂದು ಮಾದರಿಗೆ ಹಾಗೇ ಇರಲಿ. ಮುಚ್ಚಳ ಎತ್ತುವಾಗ ಒಳಗಿನ ತಂತಿ ಎಷ್ಟು ಉದ್ದ ಇದೆ ನೋಡಿಕೊಂಡು ಎತ್ತಿ. ಪ್ರತಿ ಹಂತಕ್ಕೂ ಫೋಟೋ. ತುಂಬಿದ ಉಣ್ಣೆಯೋ ನಾರೋ ಪೂರ್ತಿ ತೆಗೆದು 0.1 ಗ್ರಾಂ ತನಕ ತೋರಿಸುವ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಆಮೇಲೆ ಇದನ್ನು ಮುಚ್ಚಿ, ಎರಡನೇದನ್ನು ಬಿಚ್ಚಿ ತೂಗಿ. ಒಂದರಲ್ಲಿ 1 ಗ್ರಾಂ, ಇನ್ನೊಂದರಲ್ಲಿ ಅದರ ಎರಡರಷ್ಟು ಸಿಗುವುದು ಅಪರೂಪವೇನಲ್ಲ. ಎಡ ಬಲ ಹೊಂದದಿರಲು ಅಷ್ಟು ಸಾಕು. ನಾರು ಡ್ರೈವರ್‌ನ ಹಿಂಭಾಗದ ತೂತುಗಳಿಗೆ ಒತ್ತಿಕೊಂಡಿದೆಯೇ, ವೆಂಟ್ ಮೇಲಿನ ಟೇಪ್ ಎರಡೂ ಕಡೆ ಒಂದೇ ಅಳತೆಯೇ, ಜೇಡಿಯಂಥ ಪುಟ್ಟಿ ಬಿಸಿಗೆ ಇಳಿದು ಬಂದಿದೆಯೇ ಅಂತ ನೋಡಿ. ಜಾಸ್ತಿ ತುಂಬಿದ ಕಪ್ ಸತ್ತಂತೆ ಕೇಳುತ್ತದೆ. ಸಂದೇಹ ಇದ್ದರೆ ತೆಗೆಯಿರಿ, ಸೇರಿಸಬೇಡಿ.

ಸೋಲ್ಡರ್ ಮಾಡಲೇಬೇಕಿದ್ದರೆ ಡ್ರೈವರ್‌ನ ಟರ್ಮಿನಲ್ ಮೇಲೆ ಐರನ್ ಎರಡು ಮೂರು ಸೆಕೆಂಡ್‌ಗಿಂತ ಇಡಬೇಡಿ, ಅಡಿಯ ಪ್ಲಾಸ್ಟಿಕ್ ಕರಗುತ್ತದೆ. ಕಾಯಿಲ್‌ನಿಂದ ಬರುವ ತಂತಿ ಕೂದಲಿಗಿಂತ ತೆಳು, ಅದಕ್ಕೆ ತಾಗಬೇಡಿ. ಇನಾಮಲ್ ಬಳಿದ ಲಿಟ್ಜ್ ತಂತಿ (ಎಳೆ ಎಳೆಗೂ ಹೊದಿಕೆ ಇರುವುದು) ಆದರೆ ಆ ಇನಾಮಲ್ ಸುಟ್ಟು ಹೋಗದೆ ಸೋಲ್ಡರ್ ಹಿಡಿದಂತೆ ಕಂಡರೂ ಒಳಗೆ ಸಂಪರ್ಕ ಇರುವುದಿಲ್ಲ. ಬಿಟ್ಟು ಬಿಟ್ಟು ಬರುವ ದನಿಗೆ ಇದೂ ಒಂದು ಕಾರಣ.

ಕೊನೆಗೆ ಡ್ರೈವರ್

ಎಲ್ಲ ಆದ ಮೇಲೆ ಮಲ್ಟಿಮೀಟರನ್ನು 200 ಓಮ್ ರೇಂಜ್‌ಗೆ ಇಟ್ಟು, 300 ಓಮ್‌ನ ಹೆಡ್‌ಫೋನ್ ಆದರೆ ಅದರ ಮೇಲಿನ ರೇಂಜ್‌ಗೆ ಇಟ್ಟು, ಎರಡೂ ಕಡೆ ಅಳೆಯಿರಿ. ಹೆಡ್‌ಫೋನ್ ತಲೆಯ ಮೇಲೆ ಬೇಡ, ಟಿಕ್ ಅನ್ನುತ್ತದೆ. ಡೈನಮಿಕ್ ಆದರೆ ಬರೆದಿರುವ ಇಂಪಿಡೆನ್ಸ್‌ಗಿಂತ ಸ್ವಲ್ಪ ಕಮ್ಮಿ ಬರುತ್ತದೆ, ಪ್ಲೇನರ್ ಆದರೆ ಹೆಚ್ಚುಕಡಿಮೆ ಅಷ್ಟೇ. ಎಡ ಬಲ ಹತ್ತಿರ ಹತ್ತಿರ ಇರಬೇಕು. ಒಂದು ಕಡೆ ಮೀಟರ್ ಏನೂ ತೋರಿಸದಿದ್ದರೆ ಎಲ್ಲೋ ತುಂಡಾಗಿದೆ. ಕೇಬಲ್ ಬಿಟ್ಟು ನೇರ ಡ್ರೈವರ್‌ನ ಟರ್ಮಿನಲ್ ಮೇಲೆ ಅಳೆದಾಗಲೂ ಹಾಗೇ ಇದ್ದರೆ ಕಾಯಿಲ್ ಹೋಗಿದೆ.

ಆಗ ಸರ್ವಿಸ್‌ಗೆ ಕಳಿಸುವುದೇ ದಾರಿ. ವಾರಂಟಿ ಇನ್ನೂ ಇದ್ದರೆ ಕಪ್ ಬಿಚ್ಚುವ ಮುಂಚೆಯೇ ಕಳಿಸಿ. ಒಂದೇ ಡ್ರೈವರ್ ಬದಲಿಸುತ್ತೇವೆ ಅಂದರೆ ಹೊಂದಿಸಿದ ಜೋಡಿ ಕೇಳಿ, ಹಳೆಯದ್ದಕ್ಕೂ ಹೊಸದ್ದಕ್ಕೂ ದನಿ ಬೇರೆ ಬರುವ ಸಾಧ್ಯತೆ ಇದೆ. ಪೆಟ್ಟಿಗೆಯಲ್ಲಿ ಕೇಬಲ್ ಮತ್ತು ಮೂಲ ಪ್ಯಾಡ್ ಎರಡನ್ನೂ ಇಡಿ. ಜೊತೆಗೊಂದು ಚೀಟಿ: ಯಾವ ಕಪ್, ಯಾವ ಆವರ್ತನ, ಎಷ್ಟು ಓಮ್ ಬಂತು, ಏನೇನು ಅದಲುಬದಲು ಮಾಡಿ ನೋಡಿದ್ದೀರಿ ಅಂತ.